ತೋರಣದೊಳಗಿನ ಟೋಪಿ

ಹಿಂದೂಪುರದಿಂದ ಕಲ್ಯಾಣದುರ್ಗದ ತನಕ ಮದುವೆ ವಿಡಿಯೋ ತೆಗೆಯುವವರ ನಡುವೆ ಬಹಳ ಕಾಲ ನನ್ನ ಹೆಸರು ಕಿವುಡ ಅಂತಲೇ ಇತ್ತು. ನನ್ನ ಎರಡು ಕಿವಿಯೂ ನೆಟ್ಟಗಿವೆ. ಪಕ್ಕದ ಬೀದಿಯಲ್ಲಿ ಯಾರಾದರೂ ಸೌತೇಕಾಯಿ ಮುರಿದರೆ ನನಗೆ ಕೇಳಿಸುತ್ತದೆ. ಆದರೂ ಆ ಹೆಸರು ಬಂತು, ಬಂದದ್ದು ಅಂಟಿಕೊಂಡಿತು. ಅದನ್ನು ಇಟ್ಟವನು ಯಾರು, ಅವನಿಗೆ ನಾನು ಏನು ಮಾಡಿದೆ, ಅಷ್ಟನ್ನು ಬರೆಯಲು ಕೂತಿದ್ದೇನೆ. ಕೊನೆಗೆ ಕ್ಷಮಿಸಿಬಿಟ್ಟೆ ಅಂತ ಬರೆಯುತ್ತಾನೆ ಅಂದುಕೊಂಡಿದ್ದರೆ ಈಗಲೇ ಹೇಳಿಬಿಡುತ್ತೇನೆ. ಕ್ಷಮಿಸಿಲ್ಲ.

ನಮ್ಮದು ಸೋಮಂದೇಪಲ್ಲಿ, ಹಿಂದೂಪುರದ ಹತ್ತಿರ, ತೆಲುಗು ಕನ್ನಡ ಎರಡೂ ಆಡುವ ಆಂಧ್ರದ ಗಡಿನಾಡು. ಅಪ್ಪ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದವನು. ಆ ಶೆಡ್ಡಿನೊಳಗೆ ಮಗ್ಗಗಳು ಓಡುತ್ತಿದ್ದರೆ ಪಕ್ಕದಲ್ಲಿ ನಿಂತವನು ಕಿರುಚಿದರೂ ಕೇಳಿಸುವುದಿಲ್ಲ. ಅದಕ್ಕೇ ಅಲ್ಲಿ ದುಡಿಯುವವರು ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಿರುತ್ತಾರೆ. ಈ ತುದಿಯಿಂದ ಆ ತುದಿಗೆ ಸದ್ದಿಲ್ಲದೆ ಬೈದುಕೊಳ್ಳುತ್ತಾರೆ, ನಗಾಡುತ್ತಾರೆ, ಟೀ ತರಿಸುತ್ತಾರೆ. ಅಪ್ಪನ ಕಿವಿಯನ್ನು ಮಗ್ಗ ನಿಧಾನಕ್ಕೆ ತಿಂದುಹಾಕಿತು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅದೇ ಶೆಡ್ಡಿಗೆ ಹೋದವನು. ಒಂದು ದಿನ ಅಪ್ಪ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದ. "ನಂದು ಹೋಯ್ತು. ನಿನ್ ಕಿವಿ ಉಳಿಸ್ಕೊಳ್ಲಾ. ಬೇರೆ ಏನಾದ್ರೂ ಮಾಡ್ಕ ಹೋಗು" ಅಂದ. ಕೇಳದವರು ಮಾತಾಡುವ ಹಾಗೆ ಬಹಳ ಜೋರಾಗಿ ಅಂದ. ಬೀದಿಯವರೆಲ್ಲ ತಿರುಗಿ ನೋಡಿದರು.

ಹಾಗೆ ನಾನು ಹಿಂದೂಪುರದ ಒಂದು ಫೋಟೋ ಸ್ಟುಡಿಯೋ ಸೇರಿದೆ. ಕಸ ಗುಡಿಸಿದೆ, ಲೈಟು ಹಿಡಿದೆ, ಮದುವೆಗಳಲ್ಲಿ ವೈರು ಸುತ್ತಿದೆ. ಆಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಹ್ಯಾಂಡಿಕ್ಯಾಮ್ ಕೊಂಡೆ, ಮನೆಯವರು ಟೂರಿಗೆ ಒಯ್ಯುವಂಥದ್ದು. ಯಾರ ಶಿಫಾರಸೂ ಇಲ್ಲ, ಯಾರ ಕೈಯೂ ತಲೆ ಮೇಲಿಲ್ಲ. ನನ್ನ ಕೈಬಲದಿಂದ ನಾನು ಬಂದೆ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಕಲ್ಯಾಣದುರ್ಗದಲ್ಲಿ ಆಗ ಒಬ್ಬ ದೊಡ್ಡ ಸ್ಟುಡಿಯೋದವನಿದ್ದ. ಈಗಲೂ ಇದ್ದಾನೆ. ದುರ್ಗದ ಸುತ್ತ ಕಡ್ಲೇಕಾಯಿ ಬೆಳೆಯುವ ಹಳ್ಳಿಗಳ ಮದುವೆಗಳೆಲ್ಲ ಅವನ ಕೈಲೇ. ಲಗ್ನದ ಸೀಸನ್ನಿನಲ್ಲಿ ಅವನಿಗೆ ಕ್ಯಾಮೆರಾ ಸಾಲದೆ ಹಿಂದೂಪುರದಿಂದ ನಮ್ಮಂಥವರನ್ನು ಕರೆಸುತ್ತಿದ್ದ. ಅವನ ಶೂಟಿಂಗ್ ನೋಡಿದರೆ ಒಂದು ವಿಷಯ ಗೊತ್ತಾಗುತ್ತಿತ್ತು. ಬಾಯಿಗೆ ಬಿಡುವೇ ಇಲ್ಲ. ಮಂತ್ರ ನಡೀತಿರಲಿ, ಧಾರೆ ಎರೀತಿರಲಿ, "ಅಮ್ಮಾ ಸೆರಗು ಸರಿಮಾಡ್ಕೊ, ಮಾವಾ ಇಟು ಚೂಡು, ಈ ಕಡೆ ನೋಡು, ನಗಪ್ಪಾ ಮದ್ವೆ ನಿಂದೇ ಅಲ್ವಾ" ಅಂತ ಕೂಗುತ್ತಲೇ ಇರುತ್ತಿದ್ದ. ಆ ಮಾತೆಲ್ಲ ಟೇಪಿಗೆ ಬಂದರೂ ಪರವಾಗಿರಲಿಲ್ಲ, ಯಾಕೆಂದರೆ ಸ್ಟುಡಿಯೋಗೆ ಹೋದಮೇಲೆ ಅವನು ಇದ್ದ ಸೌಂಡನ್ನೆಲ್ಲ ತೆಗೆದು ಮೇಲೆ ಸಿನಿಮಾ ಹಾಡು ಹಾಕುತ್ತಿದ್ದ. ನಮ್ಮ ಕಡೆ ಮದುವೆ ವಿಡಿಯೋ ಅಂದರೆ ಹಾಗೇ. ಗಂಡು ಹೆಣ್ಣು ಬಾಯಿ ಆಡಿಸುತ್ತಾರೆ, ಹಿಂದೆ ಯಾರೋ ಹಾಡುತ್ತಾರೆ.

ಆ ವರ್ಷ ಕಡ್ಲೇಕಾಯಿ ಮಂಡಿಯ ಒಬ್ಬ ವ್ಯಾಪಾರಸ್ಥರ ಮನೆ ಮದುವೆ. ಹೆಣ್ಣನ್ನು ಮನೆ ತುಂಬಿಸಿಕೊಳ್ಳುವ ಹೊತ್ತಿಗೆ ಬಾಗಿಲಲ್ಲಿ ನಾನು ನಿಲ್ಲಬೇಕು ಅಂತ ಅವನೇ ಹೇಳಿದ. ಬಾಗಿಲಲ್ಲಿ ಒಂದು ಶಾಸ್ತ್ರವಿದೆ, ಗೊತ್ತಲ್ಲ. ಗಂಡಿನ ಅಕ್ಕನೋ ತಂಗಿಯೋ ಅಡ್ಡ ನಿಂತು ಹೊಸ ಜೋಡಿಯನ್ನು ತಡೆಯುತ್ತಾಳೆ. ಹೆಣ್ಣು ಒಂದು ಒಡಪು, ಅಂದರೆ ಪ್ರಾಸದ ನಾಲ್ಕು ಮಾತು ಕಟ್ಟಿ, ಅದರ ಕೊನೆಗೆ ಗಂಡನ ಹೆಸರು ಸೇರಿಸಿ ಹೇಳಿದರೇ ಒಳಗೆ ಬಿಡುವುದು. ಅಲ್ಲಿತನಕ ಯಾರೂ ಅವಳ ಬಾಯಲ್ಲಿ ಆ ಹೆಸರು ಕೇಳಿರುವುದಿಲ್ಲ, ಆಮೇಲೂ ಅವಳು ಹಾಗೆ ಹೇಳುವವಳಲ್ಲ. ನಾಚಿಕೊಂಡು ಪಿಸುಗುಟ್ಟಿದ ಹಾಗೆ ಹೇಳುತ್ತಾಳೆ. ಮದುವೆಯಲ್ಲಿ ಕಣ್ಣಿಗಿಂತ ಕಿವಿಗೆ ಬೇಕಾದ ಕ್ಷಣ ಅದೊಂದೇ.

ನನ್ನ ಕ್ಯಾಮೆರಾದಲ್ಲಿ ಇದ್ದದ್ದು ಮೂಗಿನ ತುದಿಯಲ್ಲಿ ಎರಡು ತೂತಿನ ಮೈಕು. ನನಗೇ ಅನುಮಾನ ಬಂದು ಅವನನ್ನು ಕೇಳಿದೆ. "ಅಣ್ಣ, ಹೆಣ್ಣಿನ ಮಾತು ಬರ್ಬೇಕಲ್ಲ, ಹತ್ರಕ್ಕೆ ಒಂದು ಮೈಕ್ ಇಡಾಣ್ವಾ?"

"ಸೌಂಡ್ ಯಾವನಿಗ್ ಬೇಕಾಗೈತೆ? ಸಾಂಗ್ ಹಾಕ್ತೀವಿ. ನೀನ್ ಫೋಕಸ್ ನೋಡ್ಕೊ" ಅಂದ.

ನೋಡಿಕೊಂಡೆ. ಫೋಕಸ್ ಕೂದಲಷ್ಟೂ ಕೆಡಲಿಲ್ಲ.

ವಿಡಿಯೋ ತಯಾರಾದಮೇಲೆ ಆ ವ್ಯಾಪಾರಸ್ಥರ ಮನೆಯಲ್ಲಿ ನೆಂಟರೆಲ್ಲ ಚಾಪೆ ಹಾಸಿ ಕೂತರು. ನನ್ನನ್ನೂ ಕರೆದಿದ್ದರು. ಆ ಹುಡುಗಿ ಒಡಪು ಬಹಳ ಚೆನ್ನಾಗಿ ಕಟ್ಟಿದ್ದಳಂತೆ, ಎಲ್ಲರಿಗೂ ಮತ್ತೆ ಕೇಳುವ ಆಸೆ. ಬಾಗಿಲಿನ ದೃಶ್ಯ ಬಂದಾಗ ಹಾಡು ಶುರುವಾಯಿತು. ಮನೆಯೊಡೆಯರು ಒಪ್ಪಲಿಲ್ಲ. "ಏಮಯ್ಯಾ, ಪಾಟ ಎಂದುಕು? ಹಾಡು ಯಾಕೆ? ಮಾತು ಹಾಕು, ಮಗು ಹೇಳಿದ್ದು ಹಾಕು" ಅಂದರು. ದುರ್ಗದವನು ಹಾಡಿಲ್ಲದ ಪ್ರತಿಯನ್ನು ಹಾಕಿದ. ಡೋಲು ನಾದಸ್ವರ ಒಡೆದ ಹಾಗೆ ಬಂತು, ನಿಂತಿತು. ಹುಡುಗಿಯ ತುಟಿ ಅಲ್ಲಾಡಿತು. ಏನೂ ಇಲ್ಲ. ಗವಿಯೊಳಗೆ ಯಾರೋ ಉಸಿರಾಡಿದ ಹಾಗೆ ಒಂದು ಸುಯ್ಯ್ ಅನ್ನುವ ಸದ್ದು ಅಷ್ಟೆ. ಒಡಪು ಮುಗಿದು ಜನ ನಗುವ ಹೊತ್ತಿಗೆ ಸೌಂಡು ವಾಪಸು ಬಂತು.

ಆ ಹುಡುಗಿ ಎದ್ದು ಅಡಿಗೆಮನೆಗೆ ಹೋದಳು. ಎಲ್ಲರೂ ದುರ್ಗದವನ ಮುಖ ನೋಡಿದರು. ಅವನು ನನ್ನ ಕಡೆ ಕೈ ತೋರಿಸಿದ.

"ನಾನೇನ್ ಮಾಡ್ಲಿ ಸ್ವಾಮೀ? ಕಳ್ಸಿದ್ದು ಕಿವುಡನ್ನ. ಇವರಪ್ಪಾನೂ ಕಿವುಡ, ಸೋಮಂದೇಪಲ್ಲಿ ಮಗ್ಗದೋರು. ರಕ್ತದಾಗೇ ಬಂದ್ಬುಟ್ಟೈತೆ. ಕಿವುಡನ ಕ್ಯಾಮೆರಾ ಕಿವುಡಾಗ್ದೆ ಇನ್ನೇನಾಗ್ತದೆ?"

ಜನ ನಕ್ಕರು. ಸಿಟ್ಟಾಗಿದ್ದ ಮನೆಯೊಡೆಯರೂ ನಕ್ಕರು, ಅಲ್ಲಿಗೆ ಅವನು ಬಚಾವಾದ. ನಾನು ಬಾಯಿ ತೆಗೆದೆ. "ಹೇಳಿದ್ನಲ್ಲಣ್ಣ ನಾನು, ನೀವೇ ಬ್ಯಾಡ..." ಅನ್ನುವಷ್ಟರಲ್ಲಿ ಅವನು ತನ್ನ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, "ಹಾ? ಏನಂದೆ? ಜೋರಾಗಿ ಹೇಳು" ಅಂದ. ಮತ್ತೆ ನಗು. ನನ್ನನ್ನು ಅಂದದ್ದಾದರೆ ನುಂಗಿಕೊಳ್ಳುತ್ತಿದ್ದೆನೇನೋ. ನನ್ನ ಕಿವಿ ಉಳಿಸಲು ರಟ್ಟೆ ಹಿಡಿದು ಎಳೆದ ಅಪ್ಪನನ್ನು ಅಂದ. ಹಿಂದೂಪುರದ ಬಸ್ಸಿನಲ್ಲಿ ಕೂತಾಗ ಅಲ್ಲೇ ತೀರ್ಮಾನ ಮಾಡಿದೆ. ಇದೇ ಥರ ಚಾಪೆ ಮೇಲೆ, ಇದೇ ಥರ ನೆಂಟರ ಮುಂದೆ, ಇವನ ಬಾಯಿಂದಲೇ ಇವನಿಗೆ ಕೊಡಬೇಕು.

ಆ ಹೆಸರು ನನಗಿಂತ ಮೊದಲು ಊರೂರು ತಲುಪಿತು. "ಕಿವುಡನ್ನ ಕರೆಸ್ತೀರಾ? ಹಾಡು ಹಾಕಿಸ್ಕೊಳ್ಳಿ ಮತ್ತೆ" ಅನ್ನುವವರು ಲೇಪಾಕ್ಷಿ ತನಕ ಇದ್ದರು.

ಮನೆಗೆ ಬಂದು, ಅವನು ವಾಪಸು ಕೊಟ್ಟಿದ್ದ ಆ ಟೇಪನ್ನು ಟಿ.ವಿ.ಗೆ ಹಾಕಿದೆ. ಅಪ್ಪ ಪಕ್ಕದಲ್ಲಿ ಕೂತು ಬೀಡಿ ಕಟ್ಟು ಬಿಚ್ಚುತ್ತಿದ್ದ. ಬಾಗಿಲಿನ ದೃಶ್ಯ ಬಂತು, ಹುಡುಗಿ ಸದ್ದಿಲ್ಲದೆ ತುಟಿ ಆಡಿಸಿದಳು. ಅಪ್ಪ ತಲೆ ಎತ್ತಿ, "ಏನೋ ಹಾಲು ಜೇನು ಅಂತಾ ಅವ್ಳೆ ಕಣ್ಲಾ, ಆಮ್ಯಾಕೆ ಗಂಡನ್ ಹೆಸ್ರು" ಅಂದು ಆ ಗಂಡನ ಹೆಸರನ್ನು ಸರಿಯಾಗಿ ಹೇಳಿದ. ನನ್ನ ಮೈ ಉರಿದುಹೋಯಿತು. ನಿಜವಾದ ಕಿವುಡನಿಗೆ ಗೊತ್ತಾದದ್ದು ಕ್ಯಾಮೆರಾಕ್ಕೆ ಗೊತ್ತಾಗಿರಲಿಲ್ಲ.

ಅವತ್ತಿನಿಂದ ನಾನು ಕ್ಯಾಮೆರಾವನ್ನು ಕಣ್ಣಿನಿಂದ ನೋಡುವುದು ಬಿಟ್ಟು ಕಿವಿಯಿಂದ ನೋಡತೊಡಗಿದೆ. ತಪ್ಪು ಎಲ್ಲಿದೆ ಅಂತ ಹುಡುಕಿದೆ. ಈ ಮನೆಬಳಕೆಯ ಕ್ಯಾಮೆರಾಗಳು ಸೌಂಡನ್ನು ತಾವೇ ಏರಿಸಿ ಇಳಿಸಿಕೊಳ್ಳುತ್ತವೆ. ಡೋಲು ಬಡಿದರೆ ಹೆದರಿ ಕಿವಿ ಮುಚ್ಚಿಕೊಳ್ಳುತ್ತವೆ. ಡೋಲು ನಿಂತರೂ ಮುಚ್ಚಿದ ಕೈಯನ್ನು ಬೇಗ ತೆಗೆಯುವುದಿಲ್ಲ. ನಮ್ಮ ಶಾಸ್ತ್ರದಲ್ಲಿ ಮೇಳ ಬಾಗಿಲ ತನಕ ಬಡಿದುಕೊಂಡು ಬಂದು ಥಟ್ಟನೆ ನಿಲ್ಲುತ್ತದೆ, ನಿಂತ ತಕ್ಷಣ ಹುಡುಗಿ ಪಿಸುಗುಟ್ಟುತ್ತಾಳೆ. ಕ್ಯಾಮೆರಾ ಮಾಡಿದವನಿಗೆ ನಮ್ಮ ಬಾಗಿಲು ಗೊತ್ತಿಲ್ಲವಲ್ಲ.

ಆಮೇಲೆ ಅಂಗಡಿಯಲ್ಲಿ ಯಾವ ಕ್ಯಾಮೆರಾ ಕೈಗೆ ಬಂದರೂ ಮೊದಲು ಒಂದು ಚಪ್ಪಾಳೆ ಹೊಡೆದು, ಹಿಂದೆಯೇ ಮೆಲ್ಲಗೆ ನನ್ನ ಹೆಂಡತಿಯ ಹೆಸರು ಹೇಳಿ ರೆಕಾರ್ಡ್ ಮಾಡುತ್ತಿದ್ದೆ. ಹೆಸರು ಕೇಳಿಸಿದರೆ ಆ ಕ್ಯಾಮೆರಾಕ್ಕೆ ಪಾಸ್ ಮಾರ್ಕು. ಬಾಗಿಲು ಹಾಕಿ ಖಾಲಿ ಕೋಣೆಯನ್ನು ರೆಕಾರ್ಡ್ ಮಾಡಿ, ವಾಲ್ಯೂಮ್ ಏರಿಸಿ, ಎಷ್ಟು ಸುಯ್ಯ್ ಅನ್ನುತ್ತದೆ ಅಂತ ಕೇಳುತ್ತಿದ್ದೆ. ಕ್ಯಾಮೆರಾದ ಮೈಮೇಲೆ ಬೆರಳು ಉಜ್ಜುತ್ತಿದ್ದೆ. ಕೆಲವು ಕ್ಯಾಮೆರಾಗಳಲ್ಲಿ ಅದು ಎತ್ತಿನಗಾಡಿ ಎಳೆದ ಹಾಗೆ ಕೇಳುತ್ತದೆ, ಜೂಮ್ ಮಾಡಿದರೆ ಒಳಗಿನ ಮೋಟರು ಗುಂಯ್ ಅನ್ನುತ್ತದೆ. "ಫೋಟೋ ಚೆನ್ನಾಗ್ ಬತ್ತದಾ ನೋಡಪ್ಪ, ಅದ್ಯಾಕ್ ಅದ್ರ ಹೊಟ್ಟೆ ನೀವ್ತೀಯ?" ಅಂತ ಅಂಗಡಿಯವನು ನಗುತ್ತಿದ್ದ. ಹೊರಗಿನ ಮೈಕು ಚುಚ್ಚುವ ತೂತು, ಹೆಡ್‌ಫೋನಿನ ತೂತು, ಸೌಂಡಿನ ಲೆವೆಲ್ಲನ್ನು ಏರಿಳಿಯದ ಹಾಗೆ ಕೈಯಿಂದ ಕಟ್ಟಿಹಾಕುವ ಸೌಲಭ್ಯ, ಈ ಮೂರಿಲ್ಲದ ಕ್ಯಾಮೆರಾ ಚಿನ್ನದ್ದಾದರೂ ನನಗೆ ಬೇಡ ಅಂದೆ. ಮುಖ್ಯವಾದದ್ದು ಇನ್ನೂ ಸರಳ. ಕ್ಯಾಮೆರಾ ದೂರ ನಿಲ್ಲಲಿ, ಮೈಕು ಬಾಯಿಯ ಹತ್ತಿರ ಇರಬೇಕು. ಎಷ್ಟು ದುಡ್ಡಿನ ಮೈಕಾದರೂ ದೂರದಲ್ಲಿದ್ದರೆ ಗೋಡೆಯ ಮಾತನ್ನೇ ಕೇಳಿಸಿಕೊಳ್ಳುತ್ತದೆ.

ಗಾಳಿಯೊಂದು ಉಳಿಯಿತು. ದುರ್ಗದ ಗಾಳಿ ಗೊತ್ತಿದ್ದವರಿಗೆ ಗೊತ್ತು, ಗುಡ್ಡದ ಮೇಲೆ ಫ್ಯಾನು ನೆಟ್ಟು ಕರೆಂಟು ತೆಗೆಯುವಂಥ ಗಾಳಿ. ಮೈಕಿಗೆ ಬಡಿದರೆ ಲಾರಿ ಹೋದ ಹಾಗೆ ಆಗುತ್ತದೆ. ಕಂಪನಿಯ ಸ್ಪಾಂಜು ಅದಕ್ಕೆ ಸಾಲಲಿಲ್ಲ. ನನ್ನ ಹೆಂಡತಿ ಮಗಳಿಗೆ ಹೆಣೆದಿದ್ದ ಉಲ್ಲನ್ ಟೋಪಿಯನ್ನು ಮೈಕಿಗೆ ಹಾಕಿ ನೋಡಿದೆ. ಗಾಳಿ ಸತ್ತಿತು, ಮಾತು ಉಳಿಯಿತು. "ಮಗಿಗೆ ಚಳಿಯಾದ್ರೂ ಪರ್ವಾಗಿಲ್ಲ, ಮೈಕಿಗೆ ಆಗ್ಬಾರ್ದು" ಅಂತ ಅವಳು ಅಂದಳು. ಆಮೇಲೆ ಮೈಕಿಗೇ ಅಂತ ಒಂದು ಸಣ್ಣ ಹಸಿರು ಟೋಪಿ ಹೆಣೆದುಕೊಟ್ಟಳು.

ಹೀಗೆ ವರ್ಷಗಳು ಹೋದವು. ಹಿಂದೂಪುರದಲ್ಲಿ ನನ್ನ ಸೌಂಡಿಗೆ ಒಂದು ಮರ್ಯಾದೆ ಹುಟ್ಟಿತು. ದುರ್ಗದಲ್ಲಿ ಮಾತ್ರ ಇನ್ನೂ ಕಿವುಡನೇ.

ಇತ್ತೀಚೆಗೆ ನಮ್ಮ ಹಿಂದೂಪುರದ ಹುಣಸೇಹಣ್ಣಿನ ವ್ಯಾಪಾರಸ್ಥರೊಬ್ಬರು ಕರೆಸಿದರು. ಮಗಳ ಮದುವೆ. "ನೋಡಪ್ಪಾ, ನಮ್ಮಮ್ಮನಿಗೆ ಕಣ್ಣು ಕಾಣಾಕಿಲ್ಲ. ಅಷ್ಟ್ ದೂರ ಬರಾಕೂ ಆಗಾಕಿಲ್ಲ. ಮೊಮ್ಮಗಳು ಗಂಡನ್ ಮನೆ ಬಾಗ್ಲಾಗೆ ಹೇಳೋ ಮಾತು ಆಯಮ್ಮ ಕಿವೀಲೇ ನೋಡ್ಬೇಕು. ಒಂದೂ ಹಾಡು ಬ್ಯಾಡ ನಂಗೆ" ಅಂದರು. ಅಜ್ಜಿ ಮೂಲೆಯಲ್ಲಿ ಕೂತಿದ್ದವರು, "ಯಾರ್ಲಾ ಅದು, ದನಿ ಸೋಮಂದೇಪಲ್ಲಿ ಕಡೇದು" ಅಂದರು. ಸರಿ ಅಜ್ಜಿ ಅಂದೆ. ಆಮೇಲೆ ಗಂಡು ಯಾರ ಮನೆ ಅಂತ ಕೇಳಿದೆ.

ದುರ್ಗದ ದೊಡ್ಡ ಸ್ಟುಡಿಯೋದವನ ಮಗ.

ನಮ್ಮಲ್ಲಿ ಗಂಡಿನ ಕಡೆಯವರು ತಮ್ಮ ಕ್ಯಾಮೆರಾ ತರುತ್ತಾರೆ, ಹೆಣ್ಣಿನ ಕಡೆಯವರು ತಮ್ಮದು. ಅವನು ತನ್ನ ಹುಡುಗರನ್ನು ಇಟ್ಟುಕೊಂಡಿದ್ದ, ಆಕಾಶದಲ್ಲಿ ಹಾರುವ ಡ್ರೋನ್ ಸಮೇತ. ಹೆಣ್ಣಿನ ಕಡೆಯಿಂದ ನಾನೊಬ್ಬನೇ.

ಹೆಣ್ಣು ಮನೆ ತುಂಬುವ ದಿನ ನಾನು ಬೇಗನೆ ದುರ್ಗಕ್ಕೆ ಹೋಗಿ ಅವನ ಮನೆ ಬಾಗಿಲು ನೋಡಿದೆ. ಬಾಗಿಲು ತಡೆಯುವುದು ಗಂಡಿನ ತಂಗಿ. ಅವಳನ್ನು ಕರೆದು, "ಅಮ್ಮಾ, ತೋರಣದೊಳಗೆ ಮೈಕ್ ಇಡ್ತೀನಿ. ಇಲ್ಲೇ ನಿಂತ್ಕೊಂಡು ಹೆಸ್ರು ಕೇಳು" ಅಂತ ಹೇಳಿ, ಸ್ಟೂಲು ಹತ್ತಿ, ಮಾವಿನೆಲೆಯ ನಡುವೆ ಹಸಿರು ಟೋಪಿ ಹಾಕಿದ ವೈರ್‌ಲೆಸ್ ಮೈಕನ್ನು ಕಟ್ಟಿದೆ. ಕದ್ದು ಕಟ್ಟಲಿಲ್ಲ. ಅವನ ಕಣ್ಣೆದುರೇ ಕಟ್ಟಿದೆ. ಜರಿ ಪಂಚೆ ಉಟ್ಟುಕೊಂಡು ಅವನು ಹೊರಗೆ ಬಂದವನು ನೋಡಿದ.

"ಏನ್ಲಾ ಕಿವುಡಾ, ತೋರಣಕ್ಕೂ ಟೋಪಿ ಹಾಕ್ತಾ ಇದೀಯಾ?"

"ಚಳಿ ಆಗ್ತದಲ್ಲ ಸ್ವಾಮೀ" ಅಂದೆ.

ಅವನು ನಕ್ಕ. ಇಡೀ ಜೀವನ ಕ್ಯಾಮೆರಾ ಹಿಂದೆ ಬಾಯಿ ಬಿಟ್ಟುಕೊಂಡು ಬದುಕಿದವನು. ಬಾಯಿಂದ ಬಂದದ್ದು ಹಾಡಿನ ಕೆಳಗೆ ಹೂತುಹೋಗುತ್ತದೆ ಅನ್ನುವುದು ಅವನಿಗೆ ಉಸಿರಾಟದಷ್ಟು ಅಭ್ಯಾಸ. ಮೈಕು ಅಂದರೆ ಅವನಿಗೆ ಕ್ಯಾಮೆರಾದ ಮೇಲಿನ ಒಂದು ಅಲಂಕಾರ.

ಹೆಣ್ಣು ಗಂಡಿನ ಕಾರು ಇನ್ನೂ ಬಂದಿರಲಿಲ್ಲ. ಬೀದಿಯ ತುದಿಯಲ್ಲಿ ಮೇಳದವರು ಡೋಲಿನ ಹಗ್ಗ ಬಿಗಿಯುತ್ತಿದ್ದರು. ನಾನು ಎದುರು ಮನೆಯ ಜಗಲಿಯ ಹತ್ತಿರ ಕ್ಯಾಮೆರಾ ನಿಲ್ಲಿಸಿ, ಹೆಡ್‌ಫೋನ್ ಹಾಕಿಕೊಂಡು, ಸೌಂಡಿನ ಲೆವೆಲ್ ಸರಿಮಾಡಲು ರೆಕಾರ್ಡ್ ಒತ್ತಿದೆ. ಬಾಗಿಲಲ್ಲಿ ಅವನೂ ಅವನ ಸ್ನೇಹಿತ ಒಬ್ಬ ಶಾಮಿಯಾನದವನೂ ತೋರಣದ ಕೆಳಗೆ ನಿಂತಿದ್ದರು. ನನ್ನ ಕಡೆ ನೋಡಿಯೇ ಮಾತಾಡುತ್ತಿದ್ದರು, ಅಷ್ಟು ದೂರದಿಂದ ಯಾರಿಗೆ ಕೇಳಿಸೀತು ಅಂತ. ನನಗೆ ಎರಡೂ ಕಿವಿಯೊಳಗೆ ನಿಂತು ಮಾತಾಡಿದ ಹಾಗೆ ಕೇಳಿಸಿತು.

ಶಾಮಿಯಾನದವನು ಅಂದ: "ಇವನೇ ಅಲ್ವಾ ಆ ಮಂಡಿಯೋರ ಮದ್ವೆ ಸೌಂಡ್ ಕೆಡಿಸಿದೋನು?"

"ಅಯ್ಯೋ, ಅವನೇನ್ ಕೆಡಿಸ್ದ?" ದುರ್ಗದವನು ನಗುತ್ತಾ ಹೇಳಿದ. "ಮೈಕ್ ಇಡಾಣ್ವಾ ಅಂತ ಅವ್ನೇ ಕೇಳಿದ್ದ. ಸೌಂಡ್ ಬ್ಯಾಡ ಅಂದೋನು ನಾನು. ಪಾರ್ಟಿ ಮುಂದೆ ಯಾರ ತಲೆ ಮ್ಯಾಲಾದ್ರೂ ಹಾಕ್ಬೇಕಿತ್ತಲ್ಲಪ್ಪ. ಅವರಪ್ಪ ಕಿವುಡ ಅಂತ ಗೊತ್ತಿತ್ತು, ಅದನ್ನೇ ಎತ್ಕೊಂಡೆ. ಅಂಟ್ಕೊಂಡ್ಬುಡ್ತು ನೋಡು, ಇವತ್ತಿನ್ ತನ್ಕ!"

ಅವನು ಬಾಯಿ ತೆರೆದಾಗಲೇ ನಾನು ಜೂಮ್ ಮಾಡಿ ಅವನ ಮುಖವನ್ನು, ಮೇಲಿನ ತೋರಣದ ಸಮೇತ, ಚೌಕಟ್ಟಿನ ತುಂಬ ತಂದಿದ್ದೆ.

ಅವನು ಅಲ್ಲಿಗೆ ನಿಲ್ಲಿಸಲಿಲ್ಲ. ನಿಲ್ಲಿಸುವ ಜಾತಿಯ ಬಾಯಲ್ಲ ಅದು. "ನಮ್ ಬೀಗ್ರು ಇವನ್ನ ಕರೆಸಿರೋದು ಯಾಕ್ ಗೊತ್ತಾ? ಆ ಕುರುಡು ಮುದುಕಿಗೆ ಕೇಳಿಸಾಕಂತೆ. ಮುದುಕಿ ಬರ್ದೇ ಇದ್ದದ್ದು ನನ್ ಪುಣ್ಯ. ಮುಂಡೆ, ಅದ್ರಾಗೂ ಕುರುಡಿ, ಹೊಸಿಲ ಮುಂದೆ ಕೂತಿದ್ರೆ ನನ್ ಮನೆ ಏನಾಗ್ತಿತ್ತು?"

ಆಮೇಲೆ ಕಾರು ಬಂತು. ಡೋಲು ಎದ್ದಿತು. ಲೆವೆಲ್ಲನ್ನು ಮೊದಲೇ ಕೈಯಿಂದ ಕಟ್ಟಿಹಾಕಿದ್ದರಿಂದ ನನ್ನ ಕ್ಯಾಮೆರಾ ಹೆದರಲಿಲ್ಲ. ಮೇಳ ಬಾಗಿಲಲ್ಲಿ ನಿಂತಿತು. ತಂಗಿ ಅಡ್ಡ ನಿಂತಳು. ಹುಡುಗಿ ತಲೆ ತಗ್ಗಿಸಿ ಹೇಳಿದಳು: "ಹುಣಸೇಮರದ ನೆರಳು ತಂಪು, ಹಿಂದೂಪುರದ ಬೆಲ್ಲ ಕೆಂಪು, ಅಜ್ಜಿ ಕೊಟ್ಟ ಅರಿಸಿನ ಮೈಗೆ, ಬಂದು ನಿಂತೆ ಇವರ ಮನೆಗೆ" ಅಂದು ಗಂಡನ ಹೆಸರು ಸೇರಿಸಿದಳು. ಬಳೆ ಸದ್ದು ಕೂಡ ಬಂತು. ದುರ್ಗದವನ ಹುಡುಗರ ಡ್ರೋನು ಮೇಲೆ ಗುಂಯ್ ಅನ್ನುತ್ತಿತ್ತು. ಅವರ ಕ್ಯಾಮೆರಾಗಳಿಗೆ ಸಿಕ್ಕಿದ್ದು ಅದರ ಸದ್ದೊಂದೇ.

ಎಡಿಟಿಂಗಿಗೆ ಕೂತಾಗ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ದುರ್ಗದವನ ಮುಖ ತೆರೆಯ ತುಂಬ ಬಂತು. ಅಪ್ಪನಿಗೆ ಸೌಂಡು ಯಾಕೆ? ಕಣ್ಣು ಕಿರಿದು ಮಾಡಿಕೊಂಡು ಆ ತುಟಿಗಳನ್ನು ನೋಡಿದ. "ಮತ್ತೆ ಹಾಕ್ಲಾ" ಅಂದ. ಮತ್ತೆ ಹಾಕಿದೆ.

"ನನ್ನ ಅಂದವ್ನೆ" ಅಂದ.

"ಹೂಂ."

"ಇದನ್ನ ಎಲ್ರಿಗೂ ಕೇಳಿಸ್ಬುಡು."

"ಕೇಳಿಸ್ತೀನಪ್ಪ" ಅಂತ ತುಟಿ ಬಿಡಿಸಿ ಹೇಳಿದೆ. ಅಷ್ಟರಲ್ಲಿ ಎರಡನೇ ಮಾತು ಬಂತು. ಅಪ್ಪ ಅದನ್ನೂ ಓದಿದ. ಬೀಡಿ ಕೆಳಗಿಟ್ಟ. "ಆ ಅಜ್ಜಿ ಕೇಳೋ ವಿಡಿಯೋ ಅಲ್ವೇನ್ಲಾ ಇದು?"

ನಿಜ ಹೇಳುತ್ತೇನೆ. ನನಗೆ ಎರಡನ್ನೂ ಹಾಕುವ ಆಸೆಯಿತ್ತು. ಎರಡನೆಯದನ್ನು ಹಾಕಿದರೆ ಬೀಗರ ಸಂಬಂಧ ಅಲ್ಲೇ ಹರಿಯುತ್ತಿತ್ತು, ದುರ್ಗದವನು ಮತ್ತೆ ತಲೆ ಎತ್ತುತ್ತಿರಲಿಲ್ಲ. ನನ್ನ ಹೆಂಡತಿ ಕೂಡ, "ಹಾಕ್ಬುಡಿ ಅತ್ಲಾಗೆ, ಅವನ ಬಾಯಿ ಅವನಿಗೇ ಬಡೀಲಿ" ಅಂದಳು. ಅಪ್ಪ ಮಾತ್ರ ತಲೆ ಆಡಿಸಿದ. "ನಿನ್ ಜಗಳ ಅವನ್ ಕುಟೆ. ಆ ಹುಡ್ಗಿ ಬಾಳು, ಆ ಯಮ್ಮನ ಕಿವಿ, ಅವು ನಿಂದಲ್ಲ." ಅಪ್ಪ ಹೇಳಿದ ಮೇಲೆ ಮುಗಿಯಿತು. ಎರಡನೆಯದನ್ನು ಕತ್ತರಿಸಿದೆ. ಎಸೆಯಲಿಲ್ಲ, ಬೇರೆ ಕಡೆ ಇಟ್ಟುಕೊಂಡೆ.

ಶ್ರಾವಣದಲ್ಲಿ ಹುಣಸೇಹಣ್ಣಿನ ವ್ಯಾಪಾರಸ್ಥರು ಮಗಳು ಅಳಿಯನನ್ನು ಹಿಂದೂಪುರಕ್ಕೆ ಕರೆದರು. ಬೀಗರೂ ಬಂದರು. ಮಧ್ಯಾಹ್ನ ಹೋಳಿಗೆ ಊಟ ಮುಗಿಸಿ ಎಲ್ಲರೂ ನಡುಮನೆಯಲ್ಲಿ ಕೂತರು. ಟಿ.ವಿ.ಯ ಸ್ಪೀಕರ್ ನಂಬದೆ ನಾನು ನನ್ನ ದೊಡ್ಡ ಸ್ಪೀಕರನ್ನೇ ತಂದಿದ್ದೆ. ಅಜ್ಜಿಯನ್ನು ಅದರ ಪಕ್ಕದಲ್ಲಿ ಕೂರಿಸಿದೆ. ದುರ್ಗದವನಿಗೆ ಬೀಗ ಅಂತ ಮರ್ಯಾದೆಯ ಕುರ್ಚಿ ಹಾಕಿದ್ದರು, ಎಲ್ಲರ ಎದುರಿಗೆ.

ಅಜ್ಜಿ ಒಂದೊಂದನ್ನೇ ಕಿವಿಯಿಂದ ನೋಡುತ್ತಾ ಹೋದರು. "ಇದು ಧಾರೆ ನೀರು. ಇದು ನನ್ ಮಗನ ಕೆಮ್ಮು, ಎಲೆ ಅಡಿಕೆ ಬಿಡು ಅಂದ್ರೆ ಕೇಳಾಕಿಲ್ಲ." ಎಲ್ಲರೂ ನಗುತ್ತಿದ್ದರು. ದುರ್ಗದವನು ಮೊದಲು ಹಾಡಿಲ್ಲವಲ್ಲ ಅಂತ ಗೊಣಗಿದ. "ಒಂದ್ ಸಾಂಗ್ ಆದ್ರೂ ಹಾಕ್ಬಾರ್ದೇನಯ್ಯಾ?" ನಾನು ವಾಲ್ಯೂಮ್ ಇನ್ನಷ್ಟು ಏರಿಸಿದೆ.

ಅವನ ಮನೆ ಬಾಗಿಲು ಬಂತು. ಹೊಸಿಲು, ತೋರಣ, ಅದರ ಕೆಳಗೆ ಅವನ ಮುಖ. ಸ್ಪೀಕರಿನಿಂದ ಅವನ ದನಿ ಬಂತು, ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ. "ಅಯ್ಯೋ, ಅವನೇನ್ ಕೆಡಿಸ್ದ..."

"ಇದ್ಯಾರು, ನಮ್ ದುರ್ಗದ ಬೀಗ್ರಲ್ವಾ?" ಅಂದರು ಅಜ್ಜಿ. "ಸ್ವಲ್ಪ ಸುಮ್ಕಿರ್ರಿ ಎಲ್ರೂ, ಬೀಗ್ರು ಏನೋ ಹೇಳ್ತಾ ಅವ್ರೆ."

ಎಲ್ಲರೂ ಸ್ಪೀಕರಿನ ಕಡೆ ಬಾಗಿದರು. ಸೌಂಡ್ ಬ್ಯಾಡ ಅಂದೋನು ನಾನು. ಯಾರ ತಲೆ ಮ್ಯಾಲಾದ್ರೂ ಹಾಕ್ಬೇಕಿತ್ತು. ಅವರಪ್ಪ ಕಿವುಡ. ಅಂಟ್ಕೊಂಡ್ಬುಡ್ತು. ಪ್ರತಿಯೊಂದು ಅಕ್ಷರವೂ ಗಾಳಿಯ ಕಲಬೆರಕೆಯಿಲ್ಲದೆ ಬಂತು. ನಾನು ಟಿ.ವಿ. ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದೆ. ಮೊದಲು ಅವನು ನಗಲು ಹೋದ. ಆಮೇಲೆ ತೋರಣ ಕಣ್ಣಿಗೆ ಬಿತ್ತು, ಹಸಿರು ಟೋಪಿ ಕಣ್ಣಿಗೆ ಬಿತ್ತು. ಆಮೇಲೆ ನೆನಪಾಯಿತು, ಮುಂದೆ ತಾನು ಏನು ಹೇಳಿದ್ದೆ ಅಂತ. ಅದು ನೆನಪಾದ ಗಳಿಗೆ ನನಗೆ ಅವನ ಮುಖದಲ್ಲಿ ಚೆನ್ನಾಗಿ ಕಾಣಿಸಿತು. ಅಜ್ಜಿ ಸ್ಪೀಕರಿಗೆ ಕಿವಿ ಹಚ್ಚಿ ಕೂತಿದ್ದಾರೆ, ಪಕ್ಕದಲ್ಲಿ ಸೊಸೆ, ಹಿಂದೆ ಬೀಗ, ಸುತ್ತ ನೆಂಟರು. ಅವನು ಕುರ್ಚಿಯ ಕೈ ಹಿಡಿದುಕೊಂಡು ನನ್ನ ಕಡೆ ತಿರುಗಿದ. ಬಾಯಿ ತೆರೆಯಿತು, ಮಾತು ಬರಲಿಲ್ಲ. ಆ ಬಾಯಲ್ಲಿ ಮಾತು ಬಾರದ್ದನ್ನು ಅವತ್ತೇ ನೋಡಿದ್ದು. ನಾನು ನನ್ನ ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಂಡೆ.

"...ನೋಡು, ಇವತ್ತಿನ್ ತನ್ಕ!" ಅಂದಿತು ಸ್ಪೀಕರು. ಅಲ್ಲಿ ನಾನು ಸ್ವಲ್ಪ ಬರೀ ಬೀದಿಯ ಸದ್ದನ್ನು ಬಿಟ್ಟಿದ್ದೆ. ಬೇಕೆಂದೇ ಬಿಟ್ಟಿದ್ದೆ. ಅಷ್ಟು ಹೊತ್ತು ಅವನು ಉಸಿರು ಬಿಗಿಹಿಡಿದ.

ಡೋಲು ಬಂತು. ಹುಡುಗಿ ಒಡಪು ಹೇಳಿದಳು. ಅಜ್ಜಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು, "ಅರಿಸಿನಾನೂ ಸೇರ್ಸ್‌ಬುಟ್ಟವ್ಳೆ ನೋಡು ಕಳ್ಳಿ" ಅಂದರು. ಆಮೇಲೆ ಕೇಳಿದರು: "ಅಲ್ಲಾ ಬೀಗ್ರೇ, ನೀವ್ ಕಿವುಡ ಅಂದದ್ದು ಯಾರನ್ನ?"

"ನನ್ನೇ ಕಣಜ್ಜಿ" ಅಂದೆ.

"ಹಂಗಾ? ತಪ್ಪು ತಮ್ದು, ಹೆಸ್ರು ನಿನ್ಗೆ!" ಅಜ್ಜಿ ನಕ್ಕರು. "ಬಿಡಪ್ಪ. ನಾನು ಕುರುಡಿ, ನೀನು ಕಿವುಡ, ಬೀಗ್ರು ಬಾಯಿ. ಮೂರೂ ಸೇರಿ ಒಬ್ಬ ಮನುಷ್ಯ ಆಯ್ತು."

ಮನೆಯೆಲ್ಲ ನಕ್ಕಿತು. ಈ ಸಲ ಯಾರ ಕಡೆ ನೋಡಿ ನಕ್ಕರು ಅಂತ ಹೇಳಬೇಕಾಗಿಲ್ಲ. ಅಜ್ಜಿಯ ಬಾಯಲ್ಲಿ ಕುರುಡಿ ಅನ್ನುವ ಮಾತು ಬಂದಾಗ ಅವನು ಬೆಚ್ಚಿದ್ದನ್ನು ಕಂಡವನು ಮಾತ್ರ ನಾನೊಬ್ಬನೇ.

ಸ್ಪೀಕರಿನ ವೈರು ಸುತ್ತಿಕೊಂಡು ನಾನು ಹೊರಗೆ ಬಂದೆ. ಅವನು ಹಿಂದೆಯೇ ಬಂದ. ಚಪ್ಪಲಿ ಹುಡುಕುವವನ ಹಾಗೆ ಬಗ್ಗಿ, ಬಹಳ ಮೆಲ್ಲಗೆ, "ಅದ್ರ ಮುಂದಿಂದು... ಅದು ಇದೆಯಾ?" ಅಂದ. ಒಳಗೆ ಅಜ್ಜಿ ಇನ್ನೂ ಮೊಮ್ಮಗಳ ಒಡಪನ್ನು ಬಾಯಲ್ಲಿ ತಿರುಗಿಸುತ್ತಿದ್ದರು. ಬಾಗಿಲು ತೆರೆದೇ ಇತ್ತು.

ನಾನು ವೈರನ್ನು ಬಗಲಿಗೆ ಹಾಕಿಕೊಂಡು, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡೆ.

"ಹಾ? ಏನಂದ್ರಿ ಸ್ವಾಮೀ? ಜೋರಾಗ್ ಹೇಳಿ."

ಅವನು ಬಾಗಿಲ ಕಡೆ ನೋಡಿದ, ನನ್ನ ಕಡೆ ನೋಡಿದ. ಜೋರಾಗಿ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ದುರ್ಗದ ಕಡೆಯಿಂದ ಬರುವ ಲೈಟಿನ ಹುಡುಗರು ಹೇಳುತ್ತಾರೆ, ಈಗ ಅವನು ಯಾವ ಮದುವೆಗೆ ಹೋದರೂ ಬಾಗಿಲಲ್ಲಿ ನಿಂತು ಮೊದಲು ತಲೆ ಎತ್ತಿ ತೋರಣ ನೋಡುತ್ತಾನಂತೆ, ಆಮೇಲೂ ಹೆಚ್ಚು ಮಾತಾಡುವುದಿಲ್ಲವಂತೆ. ಅಪ್ಪನಿಗೆ ಹೇಳಿದೆ. ಅಪ್ಪ ನನ್ನ ತುಟಿ ಓದಿ ಮುಗಿಸಿ, "ಇನ್ನೊಂದ್ ಸಲ ಹೇಳ್ಲಾ" ಅಂದ. ಮತ್ತೆ ಹೇಳಿದೆ.